ದಮ್ಮು

ಹಳೆಯದನ್ನು ಗೋಡೆಗೆ ಬಣ್ಣ ಬಳಿಯುವವನೊಬ್ಬನಿಂದ ಕೊಂಡಿದ್ದೆ.
ಐವತ್ತು ಲೀಟರಿನ ಕೆಂಪು ಹೊಟ್ಟೆ, ಬೆನ್ನ ಮೇಲೊಂದು ಮೊಂಡು ಮೋಟಾರು,
ಮೈಮೇಲೆ ಇನ್ನೂ ಯಾರದೋ ಅಡುಗೆಮನೆಯ ಹಳದಿ ಚುಕ್ಕೆ.
ಒಂದು ಲೇತು, ಒಂದು ಡ್ರಿಲ್ಲು ಇದ್ದಾಗ ಅಷ್ಟೇ ಸಾಕಿತ್ತು,
ಲೋಹದ ಚೂರು ಊದುವುದಕ್ಕೆ.

ಕಳೆದ ಚಳಿಗಾಲ ಮಿಲ್ಲಿಂಗ್ ಯಂತ್ರ ಬಂತು, ಸೆಕೆಂಡ್ ಹ್ಯಾಂಡು.
ಕಂಪ್ಯೂಟರಿನ ಮಾತು ಕೇಳುತ್ತದೆ, ಗಾಳಿ ಕುಡಿದು ಬದುಕುತ್ತದೆ.
ಟೂಲು ಬದಲಿಸಲು ಆರು ಬಾರ್ ಬೇಕು.
ಐದೂವರೆಗೆ ಇಳಿಯಿತೋ, ಅರ್ಧ ಕೊರೆದ ಹಿತ್ತಾಳೆಯ ಮೇಲೆ
ಕೈ ಎತ್ತಿ ನಿಂತುಬಿಡುತ್ತದೆ, ಕೆಂಪು ದೀಪ ಹಚ್ಚಿಕೊಂಡು,
ಊಟದ ನಡುವೆ ಮುನಿಸಿಕೊಂಡ ಬೀಗರ ಹಾಗೆ.

ಬಿಂಗೆನ್ ಬಂದ, ಕ್ಯಾಟಲಾಗು ಹಿಡಿದು.
'ಗುರುತ್ಸೆ, ಸ್ಕ್ರೂ ಕಂಪ್ರೆಸರ್ ತಗೋ. ಹತ್ತು ಕುದುರೆ ಶಕ್ತಿ.
ದಿನವಿಡೀ ಓಡುತ್ತೆ, ದಣಿಯೋ ಜಾತಿಯಲ್ಲ.'
ನಿಜ. ಆದರೆ ದಿನವಿಡೀ ಓಡಿಸುವಷ್ಟು ಕೆಲಸ ನನ್ನಲ್ಲೆಲ್ಲಿದೆ?
ನಲ್ಲಿಯ ಕತ್ತಿಗೆ ತಿರುಪು ಕೊರೆದು ಕೊಡುವವಳು ನಾನು;
ಮಂಗಳವಾರ ನೂರು, ಗುರುವಾರ ಏನೂ ಇಲ್ಲ.
ಬರಿದೇ ನಿಂತರೆ ಅದರ ಎಣ್ಣೆಯಲ್ಲಿ ನೀರು ಸೇರುತ್ತದೆ.
ಮೂಗಿಗಿಂತ ಮೂಗುತಿ ಭಾರವಾದರೆ
ಹರಿಯುವುದು ಮೂಗೇ.

'ಹಾಗಾದರೆ ಪಿಸ್ಟನ್ನು. ನೋಡು, ನಿಮಿಷಕ್ಕೆ ಐನೂರು ಲೀಟರು!'
ಎಳೆದುಕೊಳ್ಳುವುದೋ, ಕೊಡುವುದೋ, ಕೇಳಿದೆ.
ಬಿಂಗೆನ್ ಕನ್ನಡಕ ಒರೆಸಿಕೊಂಡ.
ಒಳಗೆ ಐನೂರು. ಹೊರಗೆ ಮುನ್ನೂರ ಮೂವತ್ತು.
ಸಾಲ ಮಂಜೂರಾದದ್ದಕ್ಕೂ ಕೈಗೆ ಬಂದದ್ದಕ್ಕೂ ಇರುವಂಥದೇ ವ್ಯತ್ಯಾಸ.
ಆ ಚಿಕ್ಕ ಅಕ್ಷರ ಓದಲಿಕ್ಕೆ ನನಗೆ ಲೇತಿನ ದೀಪ ಬೇಕಾಯಿತು.

ಇನ್ನೊಂದು ಮಾತು ಕ್ಯಾಟಲಾಗಿನಲ್ಲಿಲ್ಲ: ಎಡುರ್ನೆ.
ಎಲ್ಗೊಯ್ಬಾರ್ ಕಣಿವೆ ಇಕ್ಕಟ್ಟು. ಹೊಳೆ, ರೈಲು, ರಸ್ತೆ
ಒಂದರ ಮೊಣಕೈ ಇನ್ನೊಂದರ ಪಕ್ಕೆಗೆ.
ಕೆಳಗೆ ಕಾರ್ಖಾನೆ, ಮೇಲೆ ಸಂಸಾರ.
ನನ್ನ ನೆತ್ತಿಗೆ ಸರಿಯಾಗಿ ಅವಳ ಮಂಚ.
ರಾತ್ರಿ ಪಾಳಿಯ ನರ್ಸು, ಹಗಲು ಮಲಗುವವಳು.
ಐದು ವರ್ಷ ಒಂದು ಮಾತೂ ಆಡಿಲ್ಲ.
ಆಡದಿದ್ದದ್ದೇ ನನಗೆ ಚುಚ್ಚುತ್ತಿತ್ತು.

ಭಾನುವಾರ ಎಲ್ಲ ಆರಿಸಿ ಕುಳಿತೆವು, ನಾನು ಮತ್ತು ಲಮಿನ್.
ಟ್ಯಾಂಕಿನಲ್ಲಿ ಎಂಟು ಬಾರ್. ಯಾರೂ ಮುಟ್ಟುತ್ತಿಲ್ಲ.
ನಾಲ್ಕು ನಿಮಿಷಕ್ಕೆ ಮುಳ್ಳು ಐದಕ್ಕೆ ಇಳಿಯಿತು.
'ಯಾರೋ ಕುಡೀತಿದ್ದಾರೆ,' ಅಂದ ಲಮಿನ್,
ಸೆನೆಗಲ್‌ನಲ್ಲಿ ದೋಣಿ ಮೋಟಾರು ಬಿಚ್ಚಿ ಬೆಳೆದ ಹುಡುಗ.
ಪಾತ್ರೆ ಸೋಪು ಕದಡಿ, ಬ್ರಷ್ಷಿನಲ್ಲಿ
ಒಂದೊಂದೇ ಕೀಲಿಗೆ ಬಳಿದ, ಗಾಯಕ್ಕೆ ಮುಲಾಮು ಹಚ್ಚುವಂತೆ.
ಮೊದಲನೆಯದರಲ್ಲಿ ಏನಿಲ್ಲ. ಎರಡನೆಯದರಲ್ಲಿ ಏನಿಲ್ಲ.
ಮೂರನೆಯ ಕೀಲು ಗುಳ್ಳೆ ಊದಿತು,
ಮಗು ಎಂಜಲು ಊದುವ ಹಾಗೆ, ಒಂದು, ಮತ್ತೊಂದು.
ಆಮೇಲೆ ಬಂದೂಕಿನ ಹಿಡಿ. ಆಮೇಲೆ ಟ್ಯಾಂಕಿನ ತಳದ ನಲ್ಲಿ.
ಅಯ್ಯೋ ಮುದುಕಾ,
ನಿನಗೆ ದಮ್ಮಿಲ್ಲ ಎಂದು ಬೈದೆನಲ್ಲ;
ನಿನ್ನ ದಮ್ಮಿನ ಕಾಲು ಪಾಲು ನನ್ನದೇ ತೂತುಗಳಲ್ಲಿ.

ತೂತು ಮುಚ್ಚಿದ ಮೇಲೂ ಅದು ಸಾಲದು, ಅದು ಬೇರೆ ವಿಷಯ.
ಆದರೆ ಬೇಕಾದದ್ದು ಚಿಕ್ಕದಾಯಿತು.
ಬೆಲ್ಟಿನದು ಕೊಂಡೆ, ನಿಧಾನ ತಿರುಗುವ ಪಿಸ್ಟನ್ನಿನದು,
ಇನ್ನೂರ ಎಪ್ಪತ್ತು ಲೀಟರಿನ ಹೊಟ್ಟೆ:
ತುಂಬಿಕೊಂಡು ಸುಮ್ಮನಿರಲು ಜಾಗವಿದ್ದರೆ
ಯಾವ ಜೀವವೂ ಅಷ್ಟು ಅರಚುವುದಿಲ್ಲ.
ಹೊಳೆಯ ಕಡೆಯ ಗೋಡೆಗೆ ಇಟ್ಟೆವು, ನಾಲ್ಕು ಕಾಲಿಗೂ ದಪ್ಪ ರಬ್ಬರು.

ಮೂರನೆಯ ದಿನ ಎಡುರ್ನೆ ಬಂದಳು, ಚಪ್ಪಲಿ ತಿರುವುಮುರುವು,
ಕೆನ್ನೆಯ ಮೇಲೆ ದಿಂಬಿನ ಗೆರೆ.
'ಏನಾಯ್ತು? ಅಂಗಡಿ ಮುಚ್ಚಿದ್ರಾ?
ನಾಲ್ಕೂವರೆಗೆ ನಿಮ್ಮ ಮಿಷನ್ನು ಒದರೋದು, ನಾನು ಏಳೋದು.
ಇವತ್ತು ಪಾಳಿಗೆ ತಡವಾಯ್ತು.'

ಈಗ ದಿನಾ ಸಂಜೆ ನೀರಿನ ನಲ್ಲಿ ತಿರುಗಿಸಿ,
ಟ್ಯಾಂಕಿನ ತುಕ್ಕು ನೀರು ಡಬ್ಬಿಗೆ ಬಿಡುತ್ತೇನೆ.
ಆಮೇಲೆ ಪೊರಕೆಯ ಕೋಲು ತೆಗೆದುಕೊಂಡು
ಮಾಡಿಗೆ ಮೂರು ಸಲ ಕುಟ್ಟುತ್ತೇನೆ.
ಮೇಲಿನಿಂದ ಹಿಮ್ಮಡಿಯಲ್ಲಿ ಒಂದು ಗುದ್ದು.