ಹಂಗಾಮಿನ ಎರಡನೇ ವಹಿ

ಒಂದು ವಹಿಯೊಳಗ ಕಬ್ಬು, ಇನ್ನೊಂದರಾಗ ಕಬಡ್ಡಿ.
ಎರಡೂ ಫ್ಯಾಕ್ಟರೀವೇ, ಎರಡಕ್ಕೂ ನನ್ನದೇ ಅಕ್ಷರ.
ಜಮಖಂಡಿ ದಾರಿಯೊಳಗ ಬಾಯ್ಲರಿಗೆ ಬೆಂಕಿ ಬಿದ್ದ ದಿನ
ಚೇರ್ಮನ್ನರು ಒಂದು ಕಾಯಿ ಗಾಣಕ್ಕ ಒಡೆದರು,
ಇನ್ನೊಂದು, ಗೋದಾಮಿನ ಹಿಂದ ಹಾಸಿದ ನೀಲಿ ಮ್ಯಾಟಿಗೆ.
ಆ ಕಾಯಿನೀರಿನ ಮ್ಯಾಲೇ ಜಾರಿ ಬಿದ್ದ ಹುಡುಗನ್ನ
ಹಾಜರಿಗಿಂತ ಮೊದಲು ಬರಕೊಂಡೆ:
ಸದಾಶಿವ ತೇಲಿ, ಎಡ ಮೊಣಕಾಲು, ಆರು ದಿನ.

ಏಳು ಮಂದಿ ಅಂಕಣಕ್ಕ, ಐದು ಮಂದಿ ಬೆಂಚಿಗೆ,
ಪಗಾರ ಬರೂದು ಕಬ್ಬಿನ ಸಿಪ್ಪೆ ಮಾರಿದ ಖಾತೆಯಿಂದ.
ಎಡಮೂಲಿಗೆ ದುಂಡಪ್ಪ ಕಂಕಣವಾಡಿ.
ಅವನ ಕೈಗೆ ಪಾದ ಸಿಕ್ಕರ, ಮಾಲಕ ಬರಬೇಕು ಬಿಡಸಾಕ.
ನದಾಫರ ಇರ್ಫಾನ, ಒದ್ದಿ ಬನಿಯನ್ ಸಮೇತ
ನಲವತ್ತೊಂಬತ್ತು ಕಿಲೋ.
"ಇವನ್ನ ಗಾಳಿ ಒಯ್ದೀತು" ಅಂದವರು
ಎರಡು ಪಂದ್ಯ ಮುಗಿದಮ್ಯಾಲ ಸುಮ್ಮಾದರು.
ಮತ್ತ ಹರಿಯಾಣದಾಂವ, ಸುಖಬೀರ.
ಹಂಗಾಮಿಗೆ ಎಪ್ಪತ್ತು ಸಾವಿರ, ದಿನಕ್ಕ ಎರಡು ಲೀಟರ್ ಹಾಲು.
ಕಟಕ ರೊಟ್ಟಿ ಬೆಳಕಿಗೆ ಹಿಡಿದು
ತಿನ್ನೂದೋ ಇದು, ಬರಿಯೂದೋ ಅಂತ ಕೇಳಿದಾಂವ
ಮೂರನೇ ವಾರಕ್ಕ ಶೇಂಗಾಚಟ್ನಿ ಡಬ್ಬಿಗೆ ಕೀಲಿ ಹಾಕಿದ.

ಅಥಣಿಯೊಳಗ ಗೆದ್ದಿವಿ, ಐದು ಅಂಕ.
ಇಂಡಿಯೊಳಗ ಗೆದ್ದಿವಿ, ರಾತ್ರಿ ಎರಡಕ್ಕ,
ಲೈಟು ಹೋಗಿ, ಬಂದು, ಮತ್ತ ಹೋಗಿ
ಟ್ರ್ಯಾಕ್ಟರಿನ ಕಣ್ಣಿನ್ಯಾಗ ಕೊನೀ ರೈಡ್ ಆಡಿ.
ತಾಳಿಕೋಟಿಯ ಮಾತು ಬ್ಯಾಡ.

ಸಂಕ್ರಾಂತಿ ಕುಸುರೆಳ್ಳು ಹಂಚೂ ಹೊತ್ತಿಗೆ
ಸುಖಬೀರನ ಖೋಲಿ ಖಾಲಿ.
ಇಚಲಕರಂಜಿಯವರು ಹೆಚ್ಚು ಹಾಕಿದರಂತ.
ಗೂಟಕ್ಕೊಂದು ಪಂಜೆ, ಕಿಡಕಿಯೊಳಗ ಆ ಡಬ್ಬಿ,
ಕೀಲಿ ಅದರ ಮ್ಯಾಲೇ ಇಟ್ಟಿದ್ದ.

ಆಮ್ಯಾಲ ಸೋತಿವಿ.
ಸೋತಿವಿ. ಒಂದು ಸಮ. ಮತ್ತ ಸೋತಿವಿ.
ನಸುಕಿನ್ಯಾಗ ಜೀಪು ಗೇಟಿಗೆ ಬಂದರ
ಮೂರು ಮೈಲು ಕಬ್ಬಿನ ಗಾಡಿ ಸರದಿ,
ಎತ್ತು ಮೆಲಕು ಹಾಕತಿರತಾವ, ಚಕ್ಕಡಿ ಕೆಳಗ ಮಂದಿ ಮಲಗಿರತಾರ.
ಒಬ್ಬಾಂವ ಕಂಬಳಿಯೊಳಗಿಂದ ಕೈ ತಗದು
ಎಷ್ಟಾತು ಅಂತ ಬೆರಳು ತಿರವತಾನ.
ದುಂಡಪ್ಪ ಆ ಕಡೆ ಮುಖ ಮಾಡಿ ಕೂಡತಾನ.

ಆ ಸರದಿಯೊಳಗಿನ ಒಂದೊಂದೇ ಗಾಡಿ
ಹಗಲಿಗೆ ನನ್ನ ಕಾಟಾ ಹತ್ತತದ.
ಕಾಟಾ ಎಷ್ಟು ತೋರಸತದೋ ಅಷ್ಟು ಬರಿಯೂದು ನನ್ನ ಕೆಲಸ.
ಅದು ಕಡಿಮಿ ಯಾಕ ತೋರಸತದಂತ
ಹದಿನಾಲ್ಕು ವರ್ಷದಾಗ ಕೇಳಿಲ್ಲ, ಕೇಳದೇ ತಿಳದದ.
ಎರಡನೇ ವಹಿ ಮಾತ್ರ ತಲದಿಂಬಿಗೆ ಇಟಗೊಂಡು ಮಲಗತೀನಿ.

ಕೊನೀ ಪಂದ್ಯ, ಸಿಂದಗಿಯವರ ಎದುರು, ನಮ್ಮ ಅಂಗಳ.
ಗೆದ್ದರ ಮೇಲಿನ ಗುಂಪಿನ್ಯಾಗ ಉಳೀತೀವಿ.
ಮೂವತ್ತೊಂದು, ಮೂವತ್ತೊಂದು. ಕೊನೀ ರೈಡ್.
ಇರ್ಫಾನ ಹೋದ, ಒಬ್ಬನ್ನ ಮುಟ್ಟಿದ,
ಹೊಳ್ಳೂದರಾಗ ಸೊಂಟಕ್ಕ ಒಬ್ಬ, ತೊಡಿಗೆ ಒಬ್ಬ, ಬೆನ್ನ ಮ್ಯಾಲ ನಾಕು ಮಂದಿ,
ಆ ಮಂದಿ ಕೆಳಗಿಂದ ಒಂದು ಕೈ
ಗೆರಿ ಕಡೆ ಬಂತು.
ಬರತಾ ಇತ್ತು.
ಸೀಟಿ.

ಅಂಪಾಯರ್ ಮೂಡಲಗಿಯ ಮಾಸ್ತರ, ಎದುರು ಮಂದಿ ಬೆನ್ನು, ಕಂಡಿಲ್ಲ.
ನಿಯಮದಾಗ ಇಲ್ಲ, ಆದರೂ ನನ್ನ ಮೇಜಿಗೆ ಬಗ್ಗಿ
"ನೀವು ಕುಂತದ್ದು ಗೆರಿ ನೆಟ್ಟಗ. ಹೇಳ್ರಿ" ಅಂದ.
ಚೇರ್ಮನ್ನರು ಪಟಾಕ್ಷಿ ಸರ ಬಿಚ್ಚಿಸಿದ್ದರು,
ನೋಡಾಕ ಬಂದ ಗಾಡಿಯವರು ಎದ್ದು ನಿಂತಿದ್ದರು.
ಬೆರಳಿಗೂ ಗೆರಿಗೂ ನಡುವ
ಒಂದು ಜ್ವಾಳದ ಕಾಳು ಹಿಡಿಯುವಷ್ಟು ನೀಲಿ.
"ಇಲ್ಲ" ಅಂದೆ.
ಮೂವತ್ತೊಂದು, ಮೂವತ್ತೆರಡು. ಬರದೆ.

ಎಂಟು ದಿನ ಕ್ಯಾಂಟೀನಿನ್ಯಾಗ ನನ್ನ ಮೇಜಿಗೆ ಚಾ ತಡಾಗಿ ಬಂತು.

ಗಾಣ ನಿಲ್ಲೂ ದಿನ, ಮ್ಯಾಟು ಸುತ್ತಿ ಗೋದಾಮಿಗೆ ಹಾಕಿದ್ದರು.
ಕೊನೀ ಗಾಡಿ ಇಳದ ಮ್ಯಾಲ ಇರ್ಫಾನ ಬಂದ,
ಹೆಗಲಿಗೆ ಚೀಲ, ಊರಿಗೆ ಹೊಂಟಿದ್ದ.
ಬೈತಾನ ಅಂದಕೊಂಡೆ.
ಚಪ್ಪಲಿ ಕಳದು ಕಾಟಾ ಮ್ಯಾಲ ನಿಂತ,
ಅಷ್ಟು ದೊಡ್ಡ ಕಬ್ಬಿಣದ ಹಾಸಿನ ನಟ್ಟನಡುವ ಒಬ್ಬನೇ.
ಕೆಂಪು ಅಂಕಿ ಕುಣಿದು ಕುಣಿದು ನಿಂತವು: ನಲವತ್ತು.

ಕಿಡಕಿಯೊಳಗ ಮುಖ ಹಾಕಿ ನಕ್ಕ.
"ಕಾಕಾ, ನನ್ನ ಒಂಬತ್ತು ಕಿಲೋ ಎಲ್ಲಿ ಹ್ವಾದವ್ರೀ?"