ಶ್ರುತಿ ನಿಲ್ಲುವವರೆಗೆ

ಎಷ್ಟು ದಿನ ಬೇಕಾಗಬಹುದು ಎಂದು ಕೇಳಿದೆ.
ವಕೀಲರ ಕಚೇರಿಯ ಮಾರಿಸೆಲಾ
ಪೆನ್ನಿನ ತುದಿ ಕಚ್ಚಿ, ನನ್ನ ಭುಜ ನೋಡಿ,
"ಅದು ಬಹಳ ಸಂಗತಿಗಳ ಮೇಲೆ ನಿಂತಿದೆ, ಮಿಸೆಸ್ ಸ್ಟಾಸಿಯಾಕ್" ಎಂದಳು.
ನಾನೂ ನಿಂತೇ ಇದ್ದೆ. ಕೂರಲು ಸೊಂಟ ಬಿಡುತ್ತಿರಲಿಲ್ಲ.

ಅಪಘಾತಕ್ಕೆ ಹಿಡಿದದ್ದು
ಹಸಿರು ದೀಪ ಹಳದಿಯಾಗುವಷ್ಟು ಹೊತ್ತು.
ಮಿಲ್ವಾಕೀಯ ಫೆಬ್ರವರಿ, ಉಪ್ಪು ಬೆರೆತ ಕೊಳಕು ಹಿಮ,
ಮಡಿಲಲ್ಲಿ ಚೀಲ, ಚೀಲದಲ್ಲಿ ಶ್ರುತಿಕೀಲಿ, ಕವೆ, ಕೆಂಪು ಉಣ್ಣೆಯ ಪಟ್ಟಿ.
ಲುಥೆರನ್ ಚರ್ಚಿನ ಪಿಯಾನೋ ನನಗಾಗಿ ಕಾದಿತ್ತು.
ಮುಂದಿನ ಸೀಟಿನಿಂದ ಟೆಸ್ಫಾಲೆಮ್, ಎರಿಟ್ರಿಯಾದವನು,
ಹೀಟರ್ ಹೆಚ್ಚಿಸಲೇ ಎಂದು ಕೇಳಿದ.
ಹೂಂ ಎನ್ನುವ ಮೊದಲೇ
ಬಲಗಡೆಯಿಂದ ಬ್ರೆಡ್ಡಿನ ವ್ಯಾನು ಬಂತು.

ಆಮೇಲೆ ಬಂದವರು ಯಾರೂ ಅವಸರದವರಲ್ಲ.

ಚಾಲಕನ ಫೋನು ಆ ಗಳಿಗೆಯಲ್ಲಿ ಮಲಗಿತ್ತೇ,
ಗಿರಾಕಿಗೆ ಕಾಯುತ್ತಿತ್ತೇ, ಕರೆದೊಯ್ಯುತ್ತಿತ್ತೇ?
ಒಂದೊಂದಕ್ಕೂ ಬೇರೆ ವಿಮೆ, ಬೇರೆ ಮಿತಿ.
ನಾನು ಕಾರಿನೊಳಗೆ ಇದ್ದೆ ಎಂದು ತೋರಿಸಲು ಏಳು ವಾರ.
ಮುರಿದ ಮೂಳೆ ಸಾಕ್ಷಿ ಹೇಳಲಿಲ್ಲ.
ಆಸ್ಪತ್ರೆಯ ಮಂಚದಲ್ಲಿ ಫೋನು ಕೇಳಿತ್ತು, ಪ್ರಯಾಣ ಹೇಗಿತ್ತು ಎಂದು.
ಎಡಗೈಯಲ್ಲಿ ಐದು ನಕ್ಷತ್ರ ಒತ್ತಿದ್ದೆ, ಪಾಪ ಹುಡುಗ ಎಂದು.
ಅದೇ ಸಾಕ್ಷಿಯಾಯಿತು.
ವರ್ಷದ ಮೇಲೆ ಅದನ್ನೇ ತಿರುವಿ ಕೇಳಿದರು:
ಅಷ್ಟು ನೋವಿದ್ದರೆ ಐದೇಕೆ ಕೊಟ್ಟಿರಿ?

ವ್ಯಾನಿನ ವಿಮೆ ಕಾರಿನ ಕಡೆ ಬೆರಳು ಮಾಡಿತು,
ಕಾರಿನದು ವ್ಯಾನಿನ ಕಡೆ.
ನನ್ನ ಬೆರಳು ಜೋಲಿಯೊಳಗಿತ್ತು.
ಕಡತ ಹಿಡಿದ ಡನ್ಲೀವಿ ಎಂಬಾತ
ಓದಿ ಮುಗಿಸುವಷ್ಟರಲ್ಲಿ ವರ್ಗವಾದ.
ನಂತರದ ಕ್ವಿಸ್ಟ್ ಎಂಬಾಕೆಗೆ ಹೆರಿಗೆ ರಜೆ.
ಆ ಮಗು ಈಗ ಓಡಾಡುತ್ತಿರಬೇಕು,
ನನ್ನ ಕಡತ ಇನ್ನೂ ಅಂಬೆಗಾಲು.

ಮೊದಲ ಸಲ ಅವರು ಹೇಳಿದ ಮೊತ್ತ
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಬಾಡಿಗೆ ಎರಡು ತಿಂಗಳು ಹಿಂದಿತ್ತು. ತಗೊಂಡುಬಿಡಲೇ ಎಂದೆ.
ಬೇಡ, ಎಂದಳು ಮಾರಿಸೆಲಾ,
ಇನ್ನು ಇದಕ್ಕಿಂತ ಗುಣವಾಗದು ಎಂದು
ಡಾಕ್ಟರು ಬರೆದುಕೊಡುವವರೆಗೆ ಸಹಿ ಹಾಕಬೇಡಿ.

ಹೀಗೆ ಆ ಒಂದು ವಾಕ್ಯಕ್ಕಾಗಿ ಕಾಯತೊಡಗಿದೆ.
ಗುರುವಾರಕ್ಕೊಮ್ಮೆ ಕೈ ಎತ್ತಬೇಕು, ಅವರು ಕೋನ ಅಳೆಯಬೇಕು.
ತೊಂಬತ್ತು. ತೊಂಬತ್ತೆಂಟು. ನೂರ ನಾಲ್ಕು.
ನೂರ ನಾಲ್ಕು.
ನೂರ ನಾಲ್ಕು.
ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ಗುರುವಾರ
ಏರದಿರಲಿ ಎಂದುಕೊಂಡೆ. ಮನೆಗೆ ಬಂದು ಅತ್ತೆ.

ಹೊಸ ತಂತಿ ಹಾಕಿದರೆ ಒಂದೇ ಸಲಕ್ಕೆ ನಿಲ್ಲುವುದಿಲ್ಲ.
ಬಿಗಿದು ಬಂದಿರುತ್ತೀರಿ, ರಾತ್ರಿಯೆಲ್ಲ ಅದು ತನ್ನಷ್ಟಕ್ಕೆ ಜಾರುತ್ತದೆ.
ಮತ್ತೆ ಹೋಗಬೇಕು, ಮತ್ತೆ.
ಗಿರಾಕಿಗಳು ಕೇಳುವರು, ಎಷ್ಟು ದಿನ?
ಮೂವತ್ತು ವರ್ಷ ನಾನೂ ಮಾರಿಸೆಲಾಳ ಮಾತನ್ನೇ ಆಡಿದ್ದೆ,
ಪೆನ್ನು ಕಚ್ಚುತ್ತಿರಲಿಲ್ಲ, ಅಷ್ಟೆ.

ಎರಡನೆಯ ಚಳಿಗಾಲ, ಹೇಳಿಕೆ ಕೊಡುವ ದಿನ,
ಪಡಸಾಲೆಯ ಬೆಂಚಿನ ಆ ತುದಿಗೆ ಟೆಸ್ಫಾಲೆಮ್.
ಕಂಪನಿ ಅವನ ಖಾತೆ ಮುಚ್ಚಿತ್ತಂತೆ, ಈಗ ಮೀನಿನ ಗೋದಾಮು.
ನಾವು ಮಾತಾಡಕೂಡದು ಎಂದಿದ್ದರು.
ಅವನು ಎದ್ದ, ರೇಡಿಯೇಟರಿನ ತಿರುಗಣೆಗೆ ಕೈಯಿಟ್ಟು
ನನ್ನತ್ತ ನೋಡಿದ.
ಹೂಂ ಎಂದು ತಲೆಯಾಡಿಸಿದೆ.

ಇಪ್ಪತ್ತಾರನೆಯ ತಿಂಗಳಲ್ಲಿ ಚೆಕ್ಕು ಬಂತು.
ವಕೀಲರಿಗೆ ಮೂರರಲ್ಲೊಂದು, ಆಸ್ಪತ್ರೆಗೆ ಅದರದು,
ಅಕ್ಕನಿಂದ ತಂದದ್ದು ಅಕ್ಕನಿಗೆ.
ಉಳಿದದ್ದನ್ನು ಎರಡು ಸಲ ಎಣಿಸಿದೆ, ಎರಡು ಸಲವೂ ಅಷ್ಟೇ ಇತ್ತು.

ಚರ್ಚಿನವರು ಕಾದಿರಲಿಲ್ಲ. ಕೀಬೋರ್ಡು ಕೊಂಡಿದ್ದರು,
ಕರೆಂಟಿನದು, ಶ್ರುತಿ ಕೇಳದ್ದು.
ಹಳೆಯದು ನೆಲಮಾಳಿಗೆಯಲ್ಲಿ, ಮಡಿಸಿಟ್ಟ ಕುರ್ಚಿಗಳ ಹಿಂದೆ.
ಮುಚ್ಚಳ ತೆಗೆದೆ. ಕೀಲಿಯನ್ನು ಎಡಗೈಗೆ ಕೊಟ್ಟೆ.
ನಡುವಿನ ಒಂದು ಸ್ವರ, ಅದಕ್ಕೆ ಮೂರು ತಂತಿ.
ಒಂದು ನಿಂತಿತು.
ಒಂದು ಹತ್ತಿರ ಬಂತು.
ಮೂರನೆಯದಕ್ಕೆ,
ನಾಳೆ ಬರುತ್ತೇನೆ ಎಂದೆ.