ಕಿವಿಯ ಕೆಳಗಿನ ಪದ

ಹುಣಸೆಬೀಜದಷ್ಟಿದ್ದ ಗಂಟು
ಕಿವಿಯ ಕೆಳಗೆ ಈಗ ನಿಂಬೆಕಾಯಿ.
ಹೊಸ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು
ನನ್ನ ಕಡೆ ತಿರುಗಿ ಅಂದರು: ಟಿಕ್ಲಿಶ್.
ಅಷ್ಟೇ ಅಂದು ಮುಂದಿನ ಹಾಸಿಗೆಗೆ ಹೋದರು.

"ಏನಂದ್ರು ಸಿಸ್ಟರ್?"
ಮಂಡಕ್ಕಿ ಭಟ್ಟಿಯ ಫಕ್ರುದ್ದೀನ್ ಸಾಬರು
ಟವಲಿನಲ್ಲಿ ಕತ್ತು ಮುಚ್ಚಿಕೊಂಡೇ ಕೇಳಿದರು.

ದಾವಣಗೆರೆಯ ಈ ಎರಡನೇ ಮಹಡಿಯಲ್ಲಿ
ಹದಿಮೂರು ವರ್ಷದಿಂದ ನನ್ನದು ಅರ್ಧ ಸೂಜಿಯ ಕೆಲಸ,
ಇನ್ನರ್ಧ ದುಭಾಷಿಯದು.
ಬಿನೈನ್ ಅಂದರೆ ಕೆಟ್ಟದ್ದಲ್ಲ,
ಅಬ್ಸರ್ವೇಶನ್ ಅಂದರೆ ಇವತ್ತು ಮನೆಗೆ ಕಳಿಸಲ್ಲ.
ಇದಕ್ಕೆ ಶಾಲೆಯಲ್ಲಿ ಕಲಿತ ಅರ್ಥ ಒಂದೇ, ಕಚಗುಳಿ.
ಅದನ್ನೇ ಹೇಳಿಬಿಟ್ಟೆ.

"ಕಚಗುಳಿನಾ?" ಸಾಬರು ನಕ್ಕರು.
ಮಗಳು ಶಾಹೀನಾ ನಗಲಿಲ್ಲ.

ನಾಜೂಕು ಅನ್ನೋಣವೆಂದರೆ ಅದು ಗಾಜಿನ ಬಳೆಗೆ.
ಇಕ್ಕಟ್ಟು ಅಂದರೆ ಹರಿಹರದ ಬಸ್ಸು ನೆನಪಾಗುತ್ತದೆ.
ಬಿಸಿತುಪ್ಪ ಅನ್ನಬಹುದಿತ್ತು, ನುಂಗಲಾಗದ್ದು, ಉಗುಳಲಾಗದ್ದು,
ಆದರೆ ಸಾಬರಿಗೆ ಬೆಳಿಗ್ಗೆಯಿಂದ ಗಂಜಿಯೇ ಇಳಿದಿರಲಿಲ್ಲ.
ಕೊನೆಗೆ ಸೂಕ್ಷ್ಮ ಅಂದೆ.
"ಎಲೆಕ್ಷನ್ ಬಂದಾಗ ನಮ್ಮ ಓಣಿಗೂ ಹಂಗೇ ಅಂತಾರ್ರಿ."

ಕೇಸ್‌ಶೀಟಿನ ಹಿಂಬದಿಗೆ ಗೆರೆ ಎಳೆದು ತೋರಿಸಿದೆ:
ಇದು ಗಂಟು. ಇದರ ಮಧ್ಯದಿಂದ ಹಾಯುವ ಈ ದಾರ
ನಗುವಿನ ನರ.
ಚಾಕು ಇಷ್ಟೇ ಇಷ್ಟು ಜರುಗಿದರೂ ಬಾಯಿ ಒಂದು ಕಡೆ ಜೋಲುತ್ತದೆ.
ಮುಟ್ಟದೆ ಬಿಟ್ಟರೆ ಗಂಟು ಬೆಳೆಯುತ್ತದೆ.

ಸಾಬರು ಗೆರೆಯನ್ನೇ ನೋಡುತ್ತಿದ್ದರು.
"ತಿಳೀತು ಬಿಡ್ರಿ. ಬಾಣಲ್ಯಾಗ ಮರಳು ಕಾಯ್ತತಲ್ರಿ,
ಅದು ಕಚಗುಳಿ ಇಟ್ಟಂಗೆ ಇಟ್ರೆ ಅಕ್ಕಿ ನಗ್ತತಿ.
ಒಂದು ಉಸಿರು ತಡ ಆದ್ರೆ ಕರೀ.
ಮೊದಲೇ ತಗದ್ರೆ ಹಲ್ಲು ಮುರಿಯೋ ಕಾಳು.
ನಲವತ್ತು ವರ್ಷ ಅದನ್ನೇ ಮಾಡೀನಿ.
ಡಾಕ್ಟರ ಕೈ ಹೆಂಗೈತಿ, ಅಷ್ಟು ಹೇಳ್ರಿ."

ಅದಕ್ಕೆ ನನ್ನ ಹತ್ತಿರ ಕನ್ನಡವೂ ಇರಲಿಲ್ಲ.
ಡಾಕ್ಟರು ಬಂದು ಹದಿನೆಂಟು ದಿನ.

'ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ'
ಎಂಬ ಸಾಲಿನ ಕೆಳಗೆ ಶಾಹೀನಾ ಸಹಿ.
ಸಾಬರದು ಹೆಬ್ಬೆಟ್ಟು,
ಬಿಸಿಗೆ ಸವೆದು ಸವೆದು ಗೆರೆಯೇ ಮೂಡದ್ದು.
ಎರಡು ಸಲ ಒತ್ತಿಸಿದೆ. ಎರಡು ಸಲವೂ ಬರೀ ನೀಲಿ ಮಚ್ಚೆ.

ನಸುಕಿನಲ್ಲಿ ಕಿವಿಯ ಹಿಂದಿನ ಕೂದಲು ತೆಗೆದು
ಸ್ಪಿರಿಟಿನ ಹತ್ತಿ ಇಟ್ಟೆ, ತಣ್ಣಗೆ.
ಭುಜ ಕಿವಿಗೇರಿಸಿ, ಮೈಯೆಲ್ಲ ಮುದುಡಿ,
ಬಾಯಿಯ ಎರಡೂ ತುದಿ ಅಗಲಿಸಿ
ಹುಡುಗನ ಹಾಗೆ ನಕ್ಕುಬಿಟ್ಟರು.

ಅಗತ್ಯವಿರಲಿಲ್ಲ.
ಇನ್ನೊಮ್ಮೆ ಒರೆಸಿದೆ.